ಲೆಕ್ಕಕ್ಕೆ ಬಾರದ ನೀರು

ಕಳೆದ ವಾರ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ರಸಾಯನಶಾಸ್ತ್ರದ ಪುಸ್ತಕವನ್ನು ಹಿಡಿದುಕೊಂಡು ಜಗಲಿಯ ಮೇಲೆ ನನ್ನ ಪಕ್ಕದಲ್ಲಿ ಕುಳಿತಳು. ದ್ವಿತೀಯ ಪಿಯುಸಿ ಓದುತ್ತಿರುವ ಹುಡುಗಿ. ಪುಸ್ತಕದ ಒಂದು ಪುಟದಲ್ಲಿ ಬೆರಳಿಟ್ಟು ಕೇಳಿದಳು:

"ತಾತ, ಸೂಡೊ ಅಂದ್ರೆ ಸುಳ್ಳು ಅಂತ ಅಲ್ವಾ? ಹಾಗಾದ್ರೆ ಸೂಡೊ ಫಸ್ಟ್ ಆರ್ಡರ್ ರಿಯಾಕ್ಷನ್ ಅಂದ್ರೆ ಸುಳ್ಳು ರಿಯಾಕ್ಷನ್ನಾ?"

"ಸುಳ್ಳಲ್ಲ ಮರಿ, ಹುಸಿ" ಎಂದೆ.

"ಹುಸಿ ಅಂದ್ರೂ ಅದೇ ತಾನೆ?" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. 1974ರಿಂದ 2007ರವರೆಗೆ, 33 ವರ್ಷಗಳ ಕಾಲ, ಇದೇ ಪಾಠವನ್ನು ಹೇಳಿಕೊಂಡು ಬಂದವನು ನಾನು. ಒಂದು ಪದದ ಬದಲಿಗೆ ಇನ್ನೊಂದು ಪದವನ್ನು ಕೊಟ್ಟು ಅದನ್ನೇ ಉತ್ತರವೆಂದು ದಾಟಿಸುವ ಹಳೆಯ ಅಭ್ಯಾಸ ನಿವೃತ್ತಿಯ ನಂತರವೂ ನನ್ನನ್ನು ಬಿಟ್ಟಿಲ್ಲವೆಂಬುದು ಆ ಕ್ಷಣದಲ್ಲಿ ಮನವರಿಕೆಯಾಯಿತು.

ಈ ಬರಹಗಳನ್ನು ಓದುವವರಲ್ಲಿ ಬಹುಪಾಲು ಜನ ನನ್ನ ಹಳೆಯ ವಿದ್ಯಾರ್ಥಿಗಳು, ಉಳಿದವರು ನೆಂಟರಿಷ್ಟರು. ವಿದ್ಯಾರ್ಥಿಗಳಿಗೆ ಈ ಪಾಠ ಮರೆತುಹೋಗಿರಬಹುದು, ನೆಂಟರಿಗೆ ಇದು ತಮಗೆ ಸಂಬಂಧಿಸದ ವಿಷಯವೆನಿಸಬಹುದು. ಆದರೂ ಇಬ್ಬರೂ ತಾಳ್ಮೆಯಿಂದ ಕೊನೆಯವರೆಗೆ ಓದಬೇಕೆಂದು ಕೋರುತ್ತೇನೆ. ಏಕೆಂದರೆ ಈ ಪಾಠವನ್ನು ನಾನು ಸರಿಯಾಗಿ ಅರಿಯದೆ ಹೋದುದರಿಂದ ಒಬ್ಬ ವಿದ್ಯಾರ್ಥಿಗೂ ಒಬ್ಬ ನೆಂಟನಿಗೂ ಅನ್ಯಾಯವಾಗಿದೆ.

ಮೊದಲು ಪಾಠವನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಒಂದು ರಾಸಾಯನಿಕ ಕ್ರಿಯೆ ಎಷ್ಟು ವೇಗವಾಗಿ ನಡೆಯುತ್ತದೆಂಬುದು ಸಾಮಾನ್ಯವಾಗಿ ಅದರಲ್ಲಿ ಪಾಲ್ಗೊಳ್ಳುವ ಪ್ರತಿವರ್ತಕಗಳ ಸಾರತೆಯನ್ನು, ಅಂದರೆ ಒಂದು ಲೀಟರ್ ದ್ರಾವಣದಲ್ಲಿ ಅವು ಎಷ್ಟಿವೆ ಎಂಬುದನ್ನು, ಅವಲಂಬಿಸಿರುತ್ತದೆ. ಒಂದು ಪ್ರತಿವರ್ತಕದ ಸಾರತೆಯನ್ನು ಎರಡು ಪಟ್ಟು ಮಾಡಿದಾಗ ವೇಗವೂ ಎರಡು ಪಟ್ಟಾದರೆ, ಅದರ ಮಟ್ಟಿಗೆ ಆ ಕ್ರಿಯೆ ಪ್ರಥಮ ಕ್ರಮದ್ದು. ವೇಗ ನಾಲ್ಕು ಪಟ್ಟಾದರೆ ದ್ವಿತೀಯ ಕ್ರಮದ್ದು. ಏನೂ ವ್ಯತ್ಯಾಸವಾಗದಿದ್ದರೆ ಶೂನ್ಯ ಕ್ರಮದ್ದು. ಎಲ್ಲ ಪ್ರತಿವರ್ತಕಗಳ ಕ್ರಮಗಳನ್ನು ಕೂಡಿದರೆ ಒಟ್ಟು ಕ್ರಮ ದೊರೆಯುತ್ತದೆ. ಇಂಗ್ಲಿಷಿನಲ್ಲಿ ಆರ್ಡರ್ ಎನ್ನುವುದು ಇದನ್ನೇ. ಹಾಳೆಯ ಮೇಲೆ ಬರೆದ ಸಮೀಕರಣವನ್ನು ನೋಡಿ ಇದನ್ನು ಹೇಳಲಾಗದು. ಪ್ರಯೋಗ ಮಾಡಿಯೇ ತಿಳಿಯಬೇಕು.

ಮೀಥೈಲ್ ಅಸಿಟೇಟ್ ಎಂಬ ಎಸ್ಟರ್ ನೀರಿನೊಡನೆ ಸೇರಿ ಅಸಿಟಿಕ್ ಆಮ್ಲವೂ ಮೀಥೈಲ್ ಆಲ್ಕೊಹಾಲೂ ಆಗಿ ಒಡೆಯುತ್ತದೆ. ಪಾಲ್ಗೊಳ್ಳುವವರು ಇಬ್ಬರು, ಎಸ್ಟರ್ ಮತ್ತು ನೀರು. ಆದರೆ ಬಹಳಷ್ಟು ನೀರಿನಲ್ಲಿ ಸ್ವಲ್ಪ ಎಸ್ಟರನ್ನು ಹಾಕಿ ಅಳೆದಾಗ ವೇಗವು ಎಸ್ಟರಿನ ಸಾರತೆಯೊಂದನ್ನೇ ಅನುಸರಿಸುತ್ತದೆ. ಪ್ರಥಮ ಕ್ರಮದ ಕ್ರಿಯೆಯಂತೆ ವರ್ತಿಸುತ್ತದೆ. ಇದಕ್ಕೆ ಪುಸ್ತಕಗಳು ಕೊಡುವ ಹೆಸರೇ ಸೂಡೊ ಫಸ್ಟ್ ಆರ್ಡರ್, ಹುಸಿ ಪ್ರಥಮ ಕ್ರಮ.

ಈಗ ವಿದ್ಯಾರ್ಥಿಯ ಕಥೆ.

1986ನೆಯ ಇಸವಿ. ನಮ್ಮ ಪದವಿಪೂರ್ವ ಕಾಲೇಜಿನಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಮುಗಿದಿತ್ತು. ಎರಡು ಅಂಕದ ಪ್ರಶ್ನೆ: ಹುಸಿ ಪ್ರಥಮ ಕ್ರಮದ ಕ್ರಿಯೆ ಎಂದರೇನು, ಉದಾಹರಣೆ ಕೊಡಿ. ಹತ್ತನೆಯ ತರಗತಿಯವರೆಗೂ ಹಳ್ಳಿಯ ಕನ್ನಡ ಮಾಧ್ಯಮದಲ್ಲಿ ಓದಿ ಬಂದಿದ್ದ ಒಬ್ಬ ಹುಡುಗ ತನ್ನ ಮುರುಕು ಇಂಗ್ಲಿಷಿನಲ್ಲಿ ಹೀಗೆ ಬರೆದಿದ್ದ: ನೀರೂ ಕ್ರಿಯೆಯಲ್ಲಿ ಸೇರುತ್ತದೆ, ಬಹಳ ಇರುವುದರಿಂದ ಕಡಿಮೆಯಾದದ್ದು ಗೊತ್ತಾಗುವುದಿಲ್ಲ, ಕಡಿಮೆ ನೀರು ಇದ್ದರೆ ಗೊತ್ತಾಗುತ್ತದೆ. ನಾನು ಬರೆಸಿದ್ದ ಟಿಪ್ಪಣಿಯ ವಾಕ್ಯ ಅದರಲ್ಲಿ ಒಂದೂ ಇರಲಿಲ್ಲ. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಪಕ್ಕದಲ್ಲಿ "ನೀರು ಭಾಗವಹಿಸುವುದಿಲ್ಲ" ಎಂದು ಬರೆದು ಸೊನ್ನೆ ಹಾಕಿದೆ.

ಮರುದಿನ ಅವನು ಉತ್ತರ ಪತ್ರಿಕೆಯನ್ನು ಹಿಡಿದುಕೊಂಡು ಅಧ್ಯಾಪಕರ ಕೊಠಡಿಯ ಬಾಗಿಲಿಗೆ ಬಂದ.

"ಸಾರ್, ನೀರು ಸೇರಲ್ಲ ಅಂದ್ರೆ ಆ ಆಸಿಡ್ಡು, ಆಲ್ಕೊಹಾಲು ಎಲ್ಲಿಂದ ಬಂದ್ವು ಸಾರ್?"

ಕೊಠಡಿಯಲ್ಲಿ ನಾಲ್ಕೈದು ಮಂದಿ ಸಹೋದ್ಯೋಗಿಗಳಿದ್ದರು. ನನಗೆ ಉತ್ತರ ಗೊತ್ತಿರಲಿಲ್ಲವೆಂದಲ್ಲ. ಅವನ ಪ್ರಶ್ನೆಯೇ ಉತ್ತರವಾಗಿತ್ತು. ಆದರೂ "ಬರೆಸಿದ್ದನ್ನು ಬರೆಯಯ್ಯ, ಮುಖ್ಯ ಪರೀಕ್ಷೆಯಲ್ಲಿ ನಿನ್ನ ಪೇಪರ್ ನಾನು ನೋಡುವುದಿಲ್ಲ" ಎಂದು ಗದರಿ ಕಳುಹಿಸಿದೆ. ಅವನು ತಲೆ ತಗ್ಗಿಸಿ ಹೋದ. ಮುಖ್ಯ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನೇ ಪಡೆದ. ಆದರೆ ಆ ದಿನದ ನಂತರ ನನ್ನ ತರಗತಿಯಲ್ಲಿ ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಅವನು ಬರೆದದ್ದು ಎಷ್ಟು ಸರಿಯಾಗಿತ್ತೆಂಬುದನ್ನು ಸಂಖ್ಯೆಗಳಲ್ಲಿ ನೋಡೋಣ. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ 100 ಮಿಲಿಲೀಟರ್ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದ ದ್ರಾವಣಕ್ಕೆ 5 ಮಿಲಿಲೀಟರ್ ಮೀಥೈಲ್ ಅಸಿಟೇಟ್ ಸೇರಿಸುತ್ತೇವೆ. ಅಷ್ಟು ಎಸ್ಟರಿನ ತೂಕ ಸುಮಾರು 4.65 ಗ್ರಾಂ, ಅಂದರೆ 0.063 ಮೋಲ್. ನೀರಾದರೋ ಸುಮಾರು 5.5 ಮೋಲ್. ಎಸ್ಟರಿನ ಒಂದೊಂದು ಅಣುವಿಗೆ ನೀರಿನ 88 ಅಣುಗಳು. ಎಸ್ಟರ್ ಪೂರ್ತಿಯಾಗಿ ಒಡೆದುಹೋದರೂ ನೀರಿನಲ್ಲಿ ಖರ್ಚಾಗುವುದು ನೂರಕ್ಕೆ ಒಂದು ಪಾಲು ಮಾತ್ರ. ಬ್ಯುರೆಟ್ಟಿನಲ್ಲಿ ನಮ್ಮ ಹುಡುಗರು ಓದುವ ಅಂಕೆಯಲ್ಲಿ ಅಷ್ಟು ತಪ್ಪು ಹೇಗಿದ್ದರೂ ಇರುತ್ತದೆ. ನೀರು ದುಡಿಯುತ್ತದೆ, ಖರ್ಚಾಗುತ್ತದೆ. ಆದರೆ ಆ ಖರ್ಚು ನಮ್ಮ ಅಳತೆಗೆ ಸಿಕ್ಕುವುದಿಲ್ಲ. ಬದಲಾಗದೆ ನಿಂತ ನೀರಿನ ಸಾರತೆ ವೇಗ ಸ್ಥಿರಾಂಕದೊಳಗೆ ಸೇರಿಕೊಂಡುಬಿಡುತ್ತದೆ.

ಹಾಗೆ ಸೇರಿಕೊಳ್ಳುವುದು ನೀರೊಂದೇ ಅಲ್ಲ. ಇದನ್ನು ನಾನು ಕಣ್ಣಾರೆ ಕಂಡದ್ದು ಕೆಲವು ವರ್ಷಗಳ ನಂತರ, ಮೈಸೂರಿನಲ್ಲಿ ನಡೆದ ಒಂದು ಪುನಶ್ಚೇತನ ಶಿಬಿರದಲ್ಲಿ. ಅಲ್ಲಿ ನಮ್ಮನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 0.5 ನಾರ್ಮಲ್ ಆಮ್ಲವನ್ನೂ ಇನ್ನೊಂದಕ್ಕೆ 0.25 ನಾರ್ಮಲ್ ಆಮ್ಲವನ್ನೂ ಕೊಟ್ಟು ಇದೇ ಎಸ್ಟರಿನ ಪ್ರಯೋಗವನ್ನು ಮಾಡಿಸಿದರು. ನಿಗದಿತ ಹೊತ್ತಿಗೊಮ್ಮೆ ಮಿಶ್ರಣದಿಂದ ಸ್ವಲ್ಪ ತೆಗೆದು, ಮಂಜುಗಡ್ಡೆಯ ನೀರಿಗೆ ಸುರಿದು, ಫಿನಾಫ್ತಲೀನ್ ಹಾಕಿ ಕ್ಷಾರದೊಡನೆ ಅನುಮಾಪನ ಮಾಡುವುದು. ಎರಡು ಗುಂಪಿಗೂ ನೇರವಾದ ಗೆರೆಯೇ ಬಂದಿತು. ಎರಡೂ ಪ್ರಥಮ ಕ್ರಮವೇ. ಆದರೆ ಎರಡನೆಯ ಗುಂಪಿನ ಸ್ಥಿರಾಂಕ ಮೊದಲನೆಯದರ ಹೆಚ್ಚುಕಡಿಮೆ ಅರ್ಧ. ಸ್ಥಿರಾಂಕವೆಂದು ನಾವು ಕರೆಯುತ್ತಿದ್ದುದು ಸ್ಥಿರವೇ ಅಲ್ಲ! ಕ್ರಿಯಾವರ್ಧಕವಾದ ಆಮ್ಲವೂ ಖರ್ಚಾಗದೆ ಉಳಿಯುವುದರಿಂದ ಅದರೊಳಗೆ ಅಡಗಿ ಕುಳಿತಿತ್ತು. ಬಿ.ಎಸ್‌ಸಿ.ಯಲ್ಲಿ ಇದೇ ಪ್ರಯೋಗವನ್ನು ಮಾಡಿದ್ದೆ. ಆಗ ಉತ್ತರ ಬಂದರೆ ಸಾಕಾಗಿತ್ತು, ಉತ್ತರದ ಹೊಟ್ಟೆಯಲ್ಲಿ ಏನಿದೆ ಎಂದು ನೋಡಿರಲಿಲ್ಲ. ಅಂದು ಶಿಬಿರದಿಂದ ಬಸ್ಸಿನಲ್ಲಿ ಮರಳುವಾಗ ಆ ಹುಡುಗನ ಕೆಂಪು ಗೆರೆಯ ಪತ್ರಿಕೆ ನೆನಪಾಯಿತು.

ಇತಿಹಾಸವನ್ನು ನೋಡಿದರೂ ಇದೇ ಕಾಣುತ್ತದೆ. ರಾಸಾಯನಿಕ ಕ್ರಿಯೆಯೊಂದರ ವೇಗವನ್ನು ಅಳೆದು ಅದಕ್ಕೆ ಗಣಿತದ ರೂಪ ಕೊಟ್ಟ ಮೊದಲಿಗನೆಂದು ಹೆಸರಾದವನು ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ, ವರ್ಷ 1850. ಅವನು ಆರಿಸಿಕೊಂಡದ್ದು ಕಬ್ಬಿನ ಸಕ್ಕರೆಯನ್ನು. ಆಮ್ಲ ಬೆರೆತ ನೀರಿನಲ್ಲಿ ಸಕ್ಕರೆಯು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಸಕ್ಕರೆಯ ದ್ರಾವಣ ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸಿದರೆ, ಒಡೆದ ಮೇಲಿನ ಮಿಶ್ರಣ ಎಡಕ್ಕೆ ತಿರುಗಿಸುತ್ತದೆ. ಹೀಗಾಗಿ ದ್ರಾವಣವನ್ನು ಮುಟ್ಟದೆಯೇ, ಬೆಳಕಿನ ತಿರುವನ್ನು ನೋಡುತ್ತ, ಕ್ರಿಯೆ ಎಷ್ಟು ನಡೆದಿದೆಯೆಂದು ಅವನು ಅಳೆದ. ಯಾವುದೇ ಕ್ಷಣದ ವೇಗ ಆ ಕ್ಷಣದಲ್ಲಿ ಉಳಿದಿರುವ ಸಕ್ಕರೆಗೆ ಅನುಪಾತದಲ್ಲಿರುತ್ತದೆಂದು ಕಂಡುಕೊಂಡ. ಅವನ ಸಮೀಕರಣದಲ್ಲಿ ಸಕ್ಕರೆಯಿದೆ, ಆಮ್ಲವೂ ಇದೆ, ನೀರು ಇಲ್ಲ. ಲೆಕ್ಕಕ್ಕೆ ಸಿಕ್ಕದಷ್ಟು ಹೇರಳವಾಗಿ ಇದ್ದುದರಿಂದಲೇ ಅದು ಲೆಕ್ಕಕ್ಕೆ ಬರಲಿಲ್ಲ. ಈ ವಿಲ್ಹೆಲ್ಮಿಯೂ ಬಹುಕಾಲ ಲೆಕ್ಕಕ್ಕೆ ಬರಲಿಲ್ಲವೆಂಬುದು ಬೇರೆ ಮಾತು. 1884ರಲ್ಲಿ ಓಸ್ಟ್‌ವಾಲ್ಡ್ ಎತ್ತಿ ತೋರಿಸುವವರೆಗೂ ಅವನ ಕೆಲಸವನ್ನು ಹೆಚ್ಚು ಜನ ಗಮನಿಸಿರಲಿಲ್ಲ. ಅಷ್ಟು ಹೊತ್ತಿಗೆ ಅವನು ತೀರಿಕೊಂಡು 20 ವರ್ಷಗಳಾಗಿದ್ದವು.

ನಮ್ಮ ಮನೆಯ ಹೆಂಗಸರು ಜಾಮೂನಿನ ಪಾಕಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡುತ್ತಾರಲ್ಲ, ಅದು ವಿಲ್ಹೆಲ್ಮಿಯ ಕ್ರಿಯೆಯೇ. ಬಿಸಿಯಲ್ಲಿ ನಿಂಬೆಯ ಹುಳಿ ಸ್ವಲ್ಪ ಸಕ್ಕರೆಯನ್ನು ಒಡೆಯುವುದರಿಂದ ಪಾಕ ಹರಳುಗಟ್ಟುವುದಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. 10 ಗ್ರಾಂ ಸಕ್ಕರೆಯನ್ನು 90 ಗ್ರಾಂ ನೀರಿನಲ್ಲಿ ಕರಗಿಸಿದರೆ ಸಕ್ಕರೆಯ ಒಂದು ಅಣುವಿಗೆ ನೀರಿನ ಸುಮಾರು 170 ಅಣುಗಳಿರುತ್ತವೆ. 80 ಗ್ರಾಂ ಸಕ್ಕರೆಗೆ 20 ಗ್ರಾಂ ನೀರು ಮಾತ್ರ ಉಳಿಯುವಷ್ಟು ಪಾಕ ಗಟ್ಟಿಯಾದಾಗ ಒಂದಕ್ಕೆ ಐದೂ ಇರುವುದಿಲ್ಲ. ಅಲ್ಲಿ ನೀರನ್ನು ಬದಲಾಗದ ವಸ್ತುವೆಂದು ಬದಿಗಿಡುವ ಧೈರ್ಯ ನನಗಿಲ್ಲ. ಸಕ್ಕರೆ ಅದೇ, ನೀರು ಅದೇ, ಸಮೀಕರಣ ಅದೇ. ಪರಿಸ್ಥಿತಿ ಮಾತ್ರ ಬೇರೆ.

ಒಂದೇ ಕ್ರಿಯೆ ಎರಡು ವಿಧವಾಗಿ ಕಾಣುವುದಕ್ಕೆ ಇನ್ನೂ ಸ್ಪಷ್ಟವಾದ ನಿದರ್ಶನ ಬೇಕಾದರೆ ಈಥೈಲ್ ಅಸಿಟೇಟನ್ನು ಸೋಡಿಯಂ ಹೈಡ್ರಾಕ್ಸೈಡಿನೊಡನೆ ಸೇರಿಸಿ ನೋಡಬೇಕು. ಸಾಬೂನು ತಯಾರಿಕೆಯ ಮೂಲದಲ್ಲಿರುವ ಕ್ರಿಯೆ ಇದು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದರ ದ್ವಿತೀಯ ಕ್ರಮದ ಸ್ಥಿರಾಂಕ, ಲೀಟರ್, ಮೋಲ್, ಸೆಕೆಂಡುಗಳ ಮಾನದಲ್ಲಿ, ಸುಮಾರು 0.11. ಎರಡನ್ನೂ ಲೀಟರಿಗೆ 0.01 ಮೋಲಿನಂತೆ ಸಮನಾಗಿ ಬೆರೆಸಿದರೆ ಎಸ್ಟರ್ ಅರ್ಧಕ್ಕಿಳಿಯಲು ಸುಮಾರು 15 ನಿಮಿಷ ಬೇಕು. ಉಳಿದರ್ಧದಲ್ಲಿ ಅರ್ಧ ಮುಗಿಯಲು ಮತ್ತೆ 30 ನಿಮಿಷ. ಅದರ ಅರ್ಧಕ್ಕೆ 60 ನಿಮಿಷ. ಇಬ್ಬರೂ ಒಟ್ಟಿಗೇ ಸೊರಗುವುದರಿಂದ ಕ್ರಿಯೆ ಹೀಗೆ ತೆವಳುತ್ತದೆ. ಇದು ದ್ವಿತೀಯ ಕ್ರಮದ ಲಕ್ಷಣ. ಈಗ ಎಸ್ಟರನ್ನು 0.001 ಮೋಲಿಗಿಳಿಸಿ, ಕ್ಷಾರವನ್ನು 0.1 ಮೋಲಿಗೇರಿಸಿ. ನೂರು ಪಟ್ಟು ಹೆಚ್ಚು ಕ್ಷಾರ. ಆಗ ಅರ್ಧಾಯು ಸುಮಾರು 63 ಸೆಕೆಂಡು. ಮುಂದಿನ ಅರ್ಧಕ್ಕೂ 63, ಅದರ ಮುಂದಿನದಕ್ಕೂ 63. ಇದು ಪ್ರಥಮ ಕ್ರಮದ ಲಕ್ಷಣ. ಅಣುಗಳ ನಡುವೆ ನಡೆಯುವ ಘಟನೆ ಎರಡು ಸಂದರ್ಭಗಳಲ್ಲಿಯೂ ಒಂದೇ. ಎಸ್ಟರನ್ನು ಕ್ಷಾರ ಬಂದು ತಾಕಲೇಬೇಕು.

ಎಷ್ಟಿದ್ದರೆ ಹೇರಳ? ಇದನ್ನು ಬೆರಳೆಣಿಕೆಯಲ್ಲಿಯೇ ತಿಳಿಯಬಹುದು. ಎರಡನೆಯ ವಸ್ತು ಮೊದಲನೆಯದರ ಎರಡು ಪಟ್ಟಿದ್ದರೆ ಕ್ರಿಯೆ ಮುಗಿಯುವ ಹೊತ್ತಿಗೆ ಅದು ಅರ್ಧಕ್ಕಿಳಿದಿರುತ್ತದೆ. ಹತ್ತು ಪಟ್ಟಿದ್ದರೆ ಹತ್ತರಲ್ಲಿ ಒಂದು ಪಾಲು ಇಳಿಯುತ್ತದೆ. ಒರಟು ಕೆಲಸಕ್ಕೆ ಸಾಕು. ನೂರು ಪಟ್ಟಿದ್ದರೆ ನೂರರಲ್ಲಿ ಒಂದು. ಮೊಮ್ಮಗಳ ಪುಸ್ತಕದಲ್ಲಿ 0.01 ಮೋಲ್ ಎಸ್ಟರಿಗೆ 10 ಮೋಲ್ ನೀರಿನ ಉದಾಹರಣೆಯಿದೆ, ಕೊನೆಗೆ 9.99 ಮೋಲ್ ನೀರು ಉಳಿಯುತ್ತದೆ. ಪುಸ್ತಕದವರು ಸರಿಯಾಗಿಯೇ ಬರೆದಿದ್ದಾರೆ. ಅದನ್ನು ಓದಿಸದೆ ಕೆಳಗಿನ ಒಂದು ವ್ಯಾಖ್ಯೆಯನ್ನು ಮಾತ್ರ ಗೆರೆ ಎಳೆಸಿ ಬಾಯಿಪಾಠ ಮಾಡಿಸುವವರು ನಮ್ಮಂಥವರು.

ರಸಾಯನ ವಿಜ್ಞಾನಿಗಳು ಈ ಹೇರಳತೆಯನ್ನು ಒಂದು ಉಪಾಯವಾಗಿಯೂ ಬಳಸುತ್ತಾರೆ. ಮೂರು ಪ್ರತಿವರ್ತಕಗಳಿದ್ದರೆ ಎರಡನ್ನು ಹೇರಳವಾಗಿಟ್ಟು ಮೂರನೆಯದರ ಕ್ರಮವನ್ನು ಕಂಡುಹಿಡಿಯುವುದು, ಅನಂತರ ಸರದಿಯನ್ನು ಬದಲಿಸುವುದು. ಇದಕ್ಕೆ ಓಸ್ಟ್‌ವಾಲ್ಡನ ಪ್ರತ್ಯೇಕೀಕರಣ ವಿಧಾನವೆಂದು ಹೆಸರು. ತರಗತಿಯಲ್ಲಿ ಎಲ್ಲರನ್ನೂ ಸುಮ್ಮನಿರಿಸಿ ಒಬ್ಬನಿಂದ ಮಾತ್ರ ಪಾಠ ಓದಿಸಿದ ಹಾಗೆ. ಸುಮ್ಮನಿರುವವರು ತರಗತಿಯಲ್ಲಿ ಇಲ್ಲವೆಂದು ಯಾವ ಉಪಾಧ್ಯಾಯನೂ ಹಾಜರಿ ಪುಸ್ತಕದಲ್ಲಿ ಬರೆಯುವುದಿಲ್ಲ. ನಾನು "ನೀರು ಭಾಗವಹಿಸುವುದಿಲ್ಲ" ಎಂದು ಬರೆದದ್ದು ಅಂಥದ್ದೇ ಹಾಜರಿ.

ಇನ್ನು ನೆಂಟನ ಕಥೆ. ಇದನ್ನು ಬರೆಯಲು ನನ್ನ ತಮ್ಮನ ಒಪ್ಪಿಗೆಯನ್ನು ಪಡೆದಿದ್ದೇನೆ.

ಅವನಿಗೆ ಯೌವನದಿಂದಲೂ ಮೂರ್ಛೆ ರೋಗದ ಬಾಧೆ. ಫೆನಿಟಾಯಿನ್ ಎಂಬ ಔಷಧಿಯ 100 ಮಿಲಿಗ್ರಾಂ ಮಾತ್ರೆಗಳನ್ನು ದಿನಕ್ಕೆ ಮೂರರಂತೆ ತೆಗೆದುಕೊಳ್ಳುತ್ತಿದ್ದ. 1998ರಲ್ಲಿ ಅವನ ಮಗಳ ಮದುವೆಗೆ ಒಂದೂವರೆ ತಿಂಗಳಿರುವಾಗ ಬಹಳ ದಿನಗಳ ಮೇಲೆ ಒಮ್ಮೆ ಮೂರ್ಛೆ ಬಂದಿತು. ಧಾರೆಯ ಹೊತ್ತಿಗೆ ಹಾಗಾದರೇನು ಗತಿಯೆಂಬ ಭಯ ಅವನಿಗೆ. ನನ್ನ ಬಳಿ ಬಂದು, "ಅಣ್ಣಯ್ಯ, ಇನ್ನೊಂದು ಮಾತ್ರೆ ಜಾಸ್ತಿ ತಗೊಂಡ್ರೆ ಏನಾದ್ರೂ ತೊಂದ್ರೆ ಆಗುತ್ತಾ? ನೀನು ಕೆಮಿಸ್ಟ್ರಿ ಮೇಷ್ಟ್ರು, ನೀನೇ ಹೇಳು" ಎಂದ. ಮೂರಿದ್ದದ್ದು ನಾಲ್ಕಾದರೆ ಮೂರನೆಯ ಒಂದು ಪಾಲು ಹೆಚ್ಚಳ. ರಕ್ತದಲ್ಲಿಯೂ ಅಷ್ಟೇ ಹೆಚ್ಚಾಗುತ್ತದೆ. ಅದೇನು ಮಹಾ ಎಂದು ತ್ರೈರಾಶಿಯ ಲೆಕ್ಕ ಹಾಕಿ ಧೈರ್ಯ ಹೇಳಿದೆ.

ಮೂರು ವಾರಗಳೊಳಗೆ ಅವನು ನಡೆಯುವಾಗ ತೂರಾಡತೊಡಗಿದ. ಮಾತು ತೊದಲಿತು, ಒಂದು ದೀಪ ಎರಡಾಗಿ ಕಾಣಿಸಿತು. ಜೀವನದಲ್ಲಿ ಹೆಂಡವನ್ನು ಮುಟ್ಟದವನನ್ನು ಕುರಿತು, ಮಗಳ ಮದುವೆಯ ಸಾಲಕ್ಕೆ ಹೆದರಿ ಕುಡಿಯಲು ಕಲಿತಿದ್ದಾನೆಂದು ಬೀದಿಯವರು ಆಡಿಕೊಂಡರು. ಬೀಗರ ಕಿವಿಗೂ ಆ ಮಾತು ಬಿದ್ದಿತು. ಬೆಂಗಳೂರಿಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಿದಾಗ ಔಷಧಿಯ ಪ್ರಮಾಣ ಇರಬೇಕಾದ ಮಿತಿಯನ್ನು ಬಹಳ ಮೀರಿತ್ತು. "ಒಂದು ಮಾತ್ರೆ ತಾನೆ ಡಾಕ್ಟರೇ ಹೆಚ್ಚಿಸಿದ್ದು?" ಎಂದೆ. ಅವರು ಕಾಗದದ ಮೇಲೆ ಒಂದು ವಕ್ರರೇಖೆಯನ್ನು ಬರೆದು, "ಈ ಔಷಧಿ ಒಂದು ಮಟ್ಟದವರೆಗೆ ಫಸ್ಟ್ ಆರ್ಡರ್, ಆಮೇಲೆ ಜೀರೋ ಆರ್ಡರ್" ಎಂದರು. ನಾನು ಕೆಮಿಸ್ಟ್ರಿ ಮೇಷ್ಟ್ರೆಂಬುದನ್ನು ಅವರಿಗೆ ಹೇಳಲಿಲ್ಲ.

ವಿಷಯ ಹೀಗಿದೆ. ಫೆನಿಟಾಯಿನನ್ನು ಶರೀರದಿಂದ ವಿಲೇವಾರಿ ಮಾಡುವುದು ಯಕೃತ್ತಿನಲ್ಲಿರುವ ಕಿಣ್ವಗಳು. ಬಸ್ ನಿಲ್ದಾಣದಲ್ಲಿ ಮುಂಗಡ ಟಿಕೆಟ್ಟಿಗೆ ಒಂದೇ ಕಿಟಕಿಯಿದೆಯೆನ್ನಿ. ಜನ ಕಡಿಮೆಯಿದ್ದಾಗ ಬಂದಷ್ಟು ಜನಕ್ಕೂ ಟಿಕೆಟ್ ಸಿಕ್ಕುತ್ತದೆ. ಹೆಚ್ಚು ಜನ ಬಂದರೆ ಹೆಚ್ಚು ಟಿಕೆಟ್. ಸಾಲು ಬೀದಿಯವರೆಗೆ ಬೆಳೆದ ಮೇಲೆ ಇನ್ನೂ ನೂರು ಜನ ಬಂದು ನಿಂತರೂ ಗಂಟೆಗೆ ಹರಿಯುವ ಟಿಕೆಟ್‌ಗಳು ಅಷ್ಟೇ. ವಸ್ತುವಿನ ಸಾರತೆ ಕಡಿಮೆಯಿದ್ದಾಗ ಪ್ರಥಮ ಕ್ರಮ, ಕಿಣ್ವದ ಶಕ್ತಿಯನ್ನು ಮೀರಿದಾಗ ಶೂನ್ಯ ಕ್ರಮ. 1913ರಲ್ಲಿ ಮೈಕೇಲಿಸ್ ಮತ್ತು ಮೆಂಟೆನ್ ಇದಕ್ಕೆ ಕೊಟ್ಟ ಸಮೀಕರಣ ಪ್ರಸಿದ್ಧವಾದುದು. ಅವರು ಅಧ್ಯಯನ ಮಾಡಿದ್ದೂ ಸಕ್ಕರೆಯನ್ನು ಒಡೆಯುವ ಕಿಣ್ವವನ್ನೇ. ಬಹುಪಾಲು ಔಷಧಿಗಳು ಸಾಮಾನ್ಯ ಪ್ರಮಾಣದಲ್ಲಿ ಈ ಮಿತಿಯ ಹತ್ತಿರವೂ ಬರುವುದಿಲ್ಲ. ಆದ್ದರಿಂದ ನನ್ನ ತ್ರೈರಾಶಿ ಅವಕ್ಕೆ ಸಲ್ಲುತ್ತಿತ್ತು. ಫೆನಿಟಾಯಿನ್ ಮಾತ್ರ ಚಿಕಿತ್ಸೆಯ ಪ್ರಮಾಣದಲ್ಲಿಯೇ ಮಿತಿಯ ಅಂಚಿನಲ್ಲಿ ನಿಂತಿರುತ್ತದೆ. ಮದ್ಯವೂ ಹಾಗೆಯೇ, ಎಷ್ಟೇ ಕುಡಿದರೂ ಶರೀರ ಅದನ್ನು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಇಳಿಸುತ್ತದೆ.

ಲೆಕ್ಕಕ್ಕಾಗಿ ಒಂದು ಉದಾಹರಣೆ. ಒಬ್ಬನ ಶರೀರ ದಿನಕ್ಕೆ ಗರಿಷ್ಠ 450 ಮಿಲಿಗ್ರಾಂ ಫೆನಿಟಾಯಿನನ್ನು ವಿಲೇವಾರಿ ಮಾಡಬಲ್ಲದು, ರಕ್ತದಲ್ಲಿ ಅದು ಲೀಟರಿಗೆ 4 ಮಿಲಿಗ್ರಾಂ ಇದ್ದಾಗ ಆ ವೇಗದ ಅರ್ಧ ಇರುತ್ತದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ 300 ಮಿಲಿಗ್ರಾಂ ಕೊಟ್ಟರೆ ರಕ್ತದಲ್ಲಿ ಅದು ಲೀಟರಿಗೆ 8 ಮಿಲಿಗ್ರಾಂಗೆ ಬಂದು ನಿಲ್ಲುತ್ತದೆ. 400 ಕೊಟ್ಟರೆ? ನನ್ನ ತ್ರೈರಾಶಿಯ ಪ್ರಕಾರ 11ರ ಒಳಗಿರಬೇಕು. ನಿಜವಾಗಿ ಬರುವುದು 32. ವೈದ್ಯರು ಸಾಮಾನ್ಯವಾಗಿ ಬಯಸುವುದು 10ರಿಂದ 20. ತಮ್ಮನಿಗೆ ವೈದ್ಯರು ಕೆಲವು ದಿನ ಔಷಧಿಯನ್ನು ನಿಲ್ಲಿಸಿ, ಅನಂತರ ಮೂರೂವರೆ ಮಾತ್ರೆಗೆ ನಿಗದಿ ಮಾಡಿದರು. ಮೇಲಿನ ಲೆಕ್ಕಕ್ಕೆ 350ನ್ನು ಹಾಕಿ ನೋಡಿ, 14 ಬರುತ್ತದೆ. ಅರ್ಧ ಮಾತ್ರೆಯ ಬೆಲೆ ಅಷ್ಟು. ಮದುವೆ ನಿರ್ವಿಘ್ನವಾಗಿ ನಡೆಯಿತು. ತಮ್ಮ ಒಂದು ದಿನವೂ ನನ್ನನ್ನು ಆಕ್ಷೇಪಿಸಲಿಲ್ಲ; ಅದು ಅವನ ದೊಡ್ಡತನ. ಇದನ್ನು ಓದುವ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೇ: ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ಹೆಚ್ಚು ಕಡಿಮೆ ಮಾಡಬೇಡಿ, ಮನೆಯಲ್ಲಿ ರಸಾಯನಶಾಸ್ತ್ರದ ಮೇಷ್ಟರಿದ್ದರೂ.

ನೀರಿನ ಪ್ರಸಂಗವೂ ಔಷಧಿಯ ಪ್ರಸಂಗವೂ ಒಂದೇ ಅಲ್ಲವೆಂಬುದು ನನಗೆ ತಿಳಿದಿದೆ. ಮೊದಲ ಬಗೆಯಲ್ಲಿ ಹೇರಳವಾದದ್ದು ಸ್ಥಿರಾಂಕದೊಳಗೆ ಅಡಗಿರುತ್ತದೆ. ಕ್ಷಾರವನ್ನು ದುಪ್ಪಟ್ಟು ಮಾಡಿದರೆ ವೇಗವೂ ದುಪ್ಪಟ್ಟಾಗಿ ಅದರ ಇರವನ್ನು ಸಾರುತ್ತದೆ. ಎರಡನೆಯ ಬಗೆಯಲ್ಲಿ ಕಿಣ್ವವೇ ತುಂಬಿಹೋಗಿರುವುದರಿಂದ ದುಪ್ಪಟ್ಟು ಮಾಡಿದರೂ ವೇಗ ಏರುವುದಿಲ್ಲ. ಆದರೆ ನನ್ನ ತಪ್ಪು ಎರಡು ಕಡೆಗಳಲ್ಲಿಯೂ ಒಂದೇ ಆಗಿತ್ತು. ಕ್ರಮವೆಂಬುದು ಕ್ರಿಯೆಯ ಹುಟ್ಟುಮಚ್ಚೆಯೆಂದು ನಾನು ನಂಬಿದ್ದೆ. ಅದು ಹುಟ್ಟುಮಚ್ಚೆಯಲ್ಲ. ಯಾವುದು ಎಷ್ಟಿದೆಯೆಂಬ ಪರಿಸ್ಥಿತಿಯಲ್ಲಿ ಆ ಕ್ರಿಯೆ ನಮಗೆ ತೋರುವ ಮುಖ. ಪರಿಸ್ಥಿತಿ ಬದಲಾದರೆ ಮುಖವೂ ಬದಲಾಗುತ್ತದೆ.

ಆದ್ದರಿಂದಲೇ ನನಗೆ "ಹುಸಿ" ಎಂಬ ಪದದ ಮೇಲೆ ಆಕ್ಷೇಪವಿದೆ. ಅಳೆದಾಗ ನೇರವಾದ ಗೆರೆ ಬರುವುದು ನಿಜ, ಅರ್ಧಾಯು ಬದಲಾಗದಿರುವುದು ನಿಜ. ಅದರಲ್ಲಿ ಹುಸಿ ಯಾವುದು? ನಮ್ಮ ವೇದಾಂತಿಗಳಲ್ಲಿ ಒಂದು ಒಳ್ಳೆಯ ಪದವಿದೆ: ಉಪಾಧಿ. ಸ್ಫಟಿಕದ ಪಕ್ಕದಲ್ಲಿ ಕೆಂಪು ದಾಸವಾಳವನ್ನಿಟ್ಟರೆ ಸ್ಫಟಿಕ ಕೆಂಪಾಗಿ ಕಾಣುತ್ತದೆ. ಕೆಂಪು ಸ್ಫಟಿಕದ್ದಲ್ಲ, ಆದರೆ ಹೂವಿರುವವರೆಗೆ ಕೆಂಪಾಗಿ ಕಾಣುವುದು ತಪ್ಪದು. ಹಾಗೆ ಇದನ್ನು "ಸೋಪಾಧಿಕ ಪ್ರಥಮ ಕ್ರಮ" ಎಂದು ಕರೆಯಬಹುದೆಂದು ನನ್ನ ಅಭಿಪ್ರಾಯ. ಉಪಾಧಿ ಯಾವುದೆಂದು ಕೇಳುವ ಪ್ರಶ್ನೆ ಆ ಹೆಸರಿನಲ್ಲಿಯೇ ಇದೆ. ಹುಸಿಯೆಂದರೆ ಪ್ರಶ್ನೆ ಅಲ್ಲಿಗೇ ಮುಗಿದುಹೋಗುತ್ತದೆ.

ಪದವನ್ನು ಬದಲಿಸುವುದು ನನ್ನ ಕೈಯಲ್ಲಿಲ್ಲ. ಜಗತ್ತೆಲ್ಲ ಸೂಡೊ ಎನ್ನುತ್ತದೆ. ಸಿಇಟಿ, ನೀಟ್ ಪರೀಕ್ಷೆಗಳಿಗೆ ಓಡುತ್ತಿರುವ ಮಕ್ಕಳಿಗೆ ಒಂದು ವಾಕ್ಯದ ವ್ಯಾಖ್ಯೆಯೇ ಅನುಕೂಲವೆಂದು ಉಪಾಧ್ಯಾಯರು ಹೇಳಿದರೆ ಅವರ ಕಷ್ಟವೂ ನನಗೆ ಅರ್ಥವಾಗುತ್ತದೆ. ನಾನೂ ಹಾಗೆಯೇ ಬದುಕಿದವನು. ಆದರೆ ನಿಮ್ಮಲ್ಲಿ ಕೆಲವರು ಈಗ ಉಪಾಧ್ಯಾಯರಾಗಿದ್ದೀರಿ. ನಿಮ್ಮಲ್ಲಿ ಮೂರು ಸಂಗತಿಗಳನ್ನು ಕೇಳಿಕೊಳ್ಳುತ್ತೇನೆ. "ನೀರು ಭಾಗವಹಿಸುವುದಿಲ್ಲ" ಎಂದು ಮಕ್ಕಳಿಗೆ ಎಂದೂ ಹೇಳಬೇಡಿ. "ನೀರಿನ ಇಳಿಕೆ ಅಳತೆಗೆ ಸಿಕ್ಕುವುದಿಲ್ಲ" ಎನ್ನಿ. ಎಷ್ಟಕ್ಕೆ ಎಷ್ಟು ಎಂಬ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. ಐದು ನಿಮಿಷವೂ ಬೇಕಾಗುವುದಿಲ್ಲ. ಕೊನೆಯಲ್ಲಿ, ನೀರು ಕಡಿಮೆಯಾದರೆ ಏನಾಗುತ್ತದೆ ಎಂದು ನೀವೇ ಕೇಳಿ. ಮಕ್ಕಳು ಕೇಳುವವರೆಗೆ ಕಾಯಬೇಡಿ, ಕೇಳಿದವರನ್ನು ಗದರಬೇಡಿ.

ಮೊಮ್ಮಗಳಿಗೆ ಅಂದು ಸಂಜೆ ಇದನ್ನೆಲ್ಲ ಹೇಳಿದೆ, ತಮ್ಮನ ಸಂಗತಿಯನ್ನೂ ಸೇರಿಸಿ. ಎಸ್ಟರಿನ ಲೆಕ್ಕವನ್ನು ತಾನೇ ಮಾಡಿ 88 ಎಂದು ತೋರಿಸಿದಳು. ಪರೀಕ್ಷೆಯಲ್ಲಿ ಏನು ಬರೆಯಲಿ ಎಂದು ಕೇಳಿದಳು. ಪುಸ್ತಕದ ವಾಕ್ಯವನ್ನೇ ಬರೆ, ಕೆಳಗೆ ಒಂದು ಸಾಲು ನಿನ್ನದನ್ನೂ ಸೇರಿಸು ಎಂದೆ.

1986ರ ಆ ವಿದ್ಯಾರ್ಥಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಈ ಪುಟವನ್ನು ಅವನು ಓದುತ್ತಿದ್ದರೆ ತನ್ನ ವಿಷಯವೆಂದು ಅವನಿಗೆ ತಿಳಿಯುತ್ತದೆ. ಅಪ್ಪ, ನೀನು ಬರೆದಿದ್ದ ಮೂರು ವಾಕ್ಯಗಳೂ ಸರಿಯಾಗಿದ್ದವು. ತಪ್ಪು ನನ್ನ ಕೆಂಪು ಶಾಯಿಯಲ್ಲಿತ್ತು. ಆ ಎರಡು ಅಂಕಗಳನ್ನು ಈಗ ಕೊಡುತ್ತಿದ್ದೇನೆ. ಬಹಳ ತಡವಾಯಿತು, ಕ್ಷಮಿಸು. ಸಾಧ್ಯವಾದರೆ ಒಂದು ಸಾಲು ಬರೆ. ಅಂದು ನೀನು ಕೇಳದೆ ಉಳಿಸಿಕೊಂಡ ಪ್ರಶ್ನೆಗಳೇನಾದರೂ ಇದ್ದರೆ ಅವನ್ನೂ ಬರೆ. ನನಗೆ ಗೊತ್ತಿದ್ದರೆ ಉತ್ತರಿಸುತ್ತೇನೆ. ಇಲ್ಲದಿದ್ದರೆ ಇಬ್ಬರೂ ಕೂಡಿ ಹುಡುಕೋಣ.